ಸೇವೆಯೋ, ಸಂಚಾರವೋ?

ಪರದೇಶದಿಂದ ಬಂದು ಬಡವರ ಊರೊಂದರಲ್ಲಿ ಮೂರು ನಾಲ್ಕು ವಾರ ತಂಗಿ, ಅಲ್ಲಿಯ ಮಕ್ಕಳಿಗೆ ಇಂಗ್ಲಿಷಿನ ನಾಲ್ಕು ಹಾಡುಗಳನ್ನು ಕಲಿಸಿ, ಶಾಲೆಯ ಗೋಡೆಗೆ ಬಣ್ಣ ಬಳಿದು, ಹಾರ ತುರಾಯಿಗಳನ್ನು ಸ್ವೀಕರಿಸಿ ಹಿಂದಿರುಗುವವರಿಗೆ ಸ್ವಯಂಸೇವಕರೆಂಬ ಹೆಸರು ಸಲ್ಲುತ್ತಲಿದೆ. ವಿದ್ಯಾವಂತರ ಮನೆಗಳಲ್ಲಿ ಈ ಹೆಸರಿಗೆ ಬಹು ಮನ್ನಣೆ. “ಸಾವಿರಾರು ಹರದಾರಿ ದಾಟಿ ಬಂದವರು, ಇಲ್ಲಿಯ ಬಿಸಿಲು ಧೂಳುಗಳನ್ನು ಸಹಿಸಿದವರು, ಜೋಳದ ರೊಟ್ಟಿಯನ್ನು ಖುಷಿಯಿಂದ ತಿಂದವರು, ಅವರು ಮಾಡಿದ್ದು ಎಷ್ಟಾದರೇನು, ಮಾಡಿದ್ದೆಲ್ಲವೂ ಪುಣ್ಯವೇ” ಎಂದು ಹಿರಿಯರು ಹೇಳುತ್ತಾರೆ, ಕಿರಿಯರು ತಲೆದೂಗುತ್ತಾರೆ. ದಾನವಾಗಿ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಗಾದೆಯೂ ಈ ಮಾತಿಗೆ ಬೆಂಬಲವಾಗಿ ನಿಲ್ಲುತ್ತದೆ. ಮಾತು ಕೇಳಲು ಇಂಪಾದುದು. ಆದರೆ ವಿಚಾರಕ್ಕೆ ನಿಲ್ಲತಕ್ಕದ್ದಲ್ಲ. ಎಮ್ಮೆಯ ಮೇವು, ಕೊಟ್ಟಿಗೆ, ಸಗಣಿಗಳ ಭಾರವೆಲ್ಲವೂ ದಾನ ಪಡೆದವನ ತಲೆಯ ಮೇಲೆಯೇ ಬೀಳುವುದರಿಂದ ಹಲ್ಲು ನೋಡುವ ಅಧಿಕಾರವು ಅವನಿಗೆ ಇದ್ದೇ ಇದೆ.

ಈ ಬಗೆಯ ಸೇವೆಯು ಮಿತಿ ಮೀರಿದರೆ ಏನಾಗುವದೆಂಬುದನ್ನು ನೋಡಬೇಕಾದರೆ ಖ್ಮೇರ ಜನರ ನಾಡಾದ ಕಾಂಬೋಡಿಯಾದ ಕಡೆಗೆ ಕಣ್ಣು ಹಾಯಿಸಬೇಕು. 1975ರಿಂದ 1979ರ ವರೆಗಿನ ಘೋರ ಆಳಿಕೆಯಲ್ಲಿ ಆ ನಾಡು ತನ್ನ ವಿದ್ಯಾವಂತರನ್ನೂ ವೈದ್ಯರನ್ನೂ ಶಿಕ್ಷಕರನ್ನೂ ಬಹುವಾಗಿ ಕಳೆದುಕೊಂಡಿತು. ಅನಂತರ ಪರದೇಶಗಳ ನೆರವು ಹರಿದು ಬಂದಿತು; ಅಂಕೋರವಾಟದ ದೇವಾಲಯವನ್ನು ನೋಡಬಂದವರು ನೆರೆಯ ಊರುಗಳಲ್ಲಿ ಕೆಲವು ದಿನ ನಿಂತು ಸೇವೆ ಮಾಡುವ ಪದ್ಧತಿಯೂ ಬೆಳೆಯಿತು. ಎಲ್ಲಕ್ಕಿಂತಲೂ ಹೆಚ್ಚಾಗಿ ಅವರ ಮನಸ್ಸನ್ನು ಸೆಳೆದವರು ಅನಾಥ ಮಕ್ಕಳು. ಮಕ್ಕಳನ್ನು ನೋಡಲು ಜನ ಬರುತ್ತಾರೆ, ಬಂದವರು ಹಣ ಕೊಡುತ್ತಾರೆಂಬುದು ತಿಳಿದ ಕೂಡಲೆ ಅನಾಥಾಲಯಗಳು ಹುಟ್ಟತೊಡಗಿದವು. 2005ರಿಂದ 2010ರೊಳಗೆ ಅವುಗಳ ಸಂಖ್ಯೆಯು ನೂರಕ್ಕೆ 75ರಷ್ಟು ಏರಿತು. ಯುದ್ಧವಿಲ್ಲದ ಆ ಕಾಲದಲ್ಲಿ ಅಷ್ಟು ಮಂದಿ ಅನಾಥರು ಎಲ್ಲಿಂದ ಬಂದರು? ವಿಶ್ವಸಂಸ್ಥೆಯ ಮಕ್ಕಳ ನಿಧಿಯವರು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಸಂಗತಿಯೇನೆಂದರೆ, ಆ ಆಲಯಗಳಲ್ಲಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಬದುಕಿದ್ದರು. ಬಡತನದಿಂದಲೂ ಓದಿನ ಆಸೆಯಿಂದಲೂ ಮಕ್ಕಳನ್ನು ಬಿಟ್ಟುಕೊಟ್ಟ ತಾಯಂದಿರು ಹೊರಗಿದ್ದರು. ವಾರಕ್ಕೊಬ್ಬರಂತೆ ಬದಲಾಗುವ ಸೇವಕರನ್ನು ಅಪ್ಪಿಕೊಳ್ಳುವ ಮಕ್ಕಳು ಒಳಗಿದ್ದರು. ಅಪ್ಪಿಕೊಂಡವರಲ್ಲಿ ದುರುದ್ದೇಶವಿತ್ತೆಂದು ಯಾರೂ ಹೇಳಲಾರರು. ಸದುದ್ದೇಶವೇ ಅಲ್ಲಿ ಬೇಡಿಕೆಯಾಯಿತು, ಮಗುವೇ ಸರಕಾಯಿತು. ಮಕ್ಕಳು ಪ್ರವಾಸಿಗಳ ನೋಟದ ವಸ್ತುಗಳಲ್ಲವೆಂದು ಅದೇ ವರ್ಷ ಅಲ್ಲಿ ಸಾರಬೇಕಾಗಿ ಬಂದಿತು.

ಕಾಂಬೋಡಿಯಾದ ಕಥೆಗೂ ಹನುಮಸಾಗರಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿದೆ. ಕುಷ್ಟಗಿ ತಾಲೂಕಿನ ಈ ಊರು 1948ರ ವರೆಗೆ ನಿಜಾಮನ ಆಳಿಕೆಯಲ್ಲಿದ್ದು, ಬಹುಕಾಲ ರಾಯಚೂರು ಜಿಲ್ಲೆಗೆ ಸೇರಿದ್ದು, 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಅದರ ಪಾಲಿಗೆ ಬಂದಿತು. ಹಿಂದುಳಿದ ಸೀಮೆಯೆಂಬ ಹಣೆಪಟ್ಟಿಯು ಈ ಭಾಗಕ್ಕೆ ಯಾವಾಗಲೋ ಅಂಟಿದೆ. ಆ ಪಟ್ಟಿ ಅಂಟಿದ ಊರಿಗೆ ಸೇವೆ ಮಾಡಲು ಬರುವವರು, ಮಾಡಿಸಲು ಕರೆತರುವವರು ಹೆಚ್ಚುತ್ತಾರೆ. ಪರದೇಶಸ್ಥರು ಈ ಜಿಲ್ಲೆಗೆ ಹೊಸಬರೂ ಅಲ್ಲ. ಗಂಗಾವತಿ ತಾಲೂಕಿನಲ್ಲಿ, ಹಂಪೆಗೆ ಎದುರಾಗಿ ಹೊಳೆಯ ಈಚೆ ದಡದಲ್ಲಿರುವ ವಿರೂಪಾಪುರ ಗಡ್ಡೆಯಲ್ಲಿ ಅವರು ವರ್ಷಗಟ್ಟಲೆ ಗುಂಪುಗುಂಪಾಗಿ ತಂಗುತ್ತಿದ್ದರು. ಅಲ್ಲಿಯ ವಸತಿಗಳನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ತೆಗೆದುಹಾಕಲಾಯಿತು. ಅವರನ್ನು ಬೈದವರು ಬಹಳ. ಆದರೆ ಅವರು ತಮ್ಮನ್ನು ಸಂಚಾರಿಗಳೆಂದೇ ಕರೆದುಕೊಂಡರು. ತಾವು ಬಂದದ್ದು ತಮ್ಮ ಸಂತೋಷಕ್ಕೆಂದು ಒಪ್ಪಿಕೊಂಡರು. ಆ ಮಟ್ಟಿನ ಪ್ರಾಮಾಣಿಕತೆಯು ಎಲ್ಲ ಸೇವಕರಲ್ಲಿಯೂ ಕಾಣುವದಿಲ್ಲ.

ಪರದೇಶದ ತರುಣಿಯೊಬ್ಬಳು ಇಂಥದೊಂದು ಊರಿನಲ್ಲಿ ಕಳೆಯುವ ದಿನವನ್ನು ಕಲ್ಪಿಸಿಕೊಳ್ಳುವದು ಕಠಿಣವಲ್ಲ. ಬೆಳಗಾಗೆದ್ದು ಕೊಡದ ನೀರಿನಿಂದ ಸ್ನಾನ. ಬೀದಿಗಿಳಿದರೆ ಹಿಂದೆ ಹತ್ತು ಹುಡುಗರು. ಮನೆಮನೆಯಲ್ಲಿಯೂ “ಬರ್ರಿ ಅಕ್ಕಾರ, ಕೂಡ್ರಿ, ಚಹಾ ಕುಡೀರಿ” ಎಂಬ ಉಪಚಾರ. ಹಂಚಿನಿಂದ ಇಳಿದ ಮೊದಲನೆಯ ರೊಟ್ಟಿಯು ಹೊಲದಿಂದ ಬಂದ ಯಜಮಾನನಿಗಿಂತ ಮೊದಲು ಅವಳ ತಾಟಿಗೆ ಬೀಳುತ್ತದೆ. ಪಂಚಮಿಯ ಜೋಕಾಲಿಯ ಮೇಲೆ ಅವಳನ್ನು ಕೂಡ್ರಿಸುತ್ತಾರೆ; ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಕರೆದೊಯ್ಯುತ್ತಾರೆ. ಇದೆಲ್ಲವೂ ಈ ಸೀಮೆಯ ಜನರ ಹಿರಿಮೆ, ಅತಿಥಿಯ ಗಳಿಕೆಯಲ್ಲ. ಸಂಜೆಗೆ ಹಿರಿಯರು ಕಟ್ಟೆಯ ಮೇಲೆ ಸೇರುತ್ತಾರೆ. ಕಾಲೇಜಿನಲ್ಲಿ ಓದುವ ಹುಡುಗನೊಬ್ಬನು ದುಭಾಷಿ. ಊರಿಗೆ ಏನು ಬೇಕೆಂದು ಅವಳು ಕೇಳುತ್ತಾಳೆ. “ನೀವು ಹೆಂಗ ಹೇಳ್ತೀರಿ ಹಂಗರಿ” ಎಂದು ಒಬ್ಬರು ಹೇಳುತ್ತಾರೆ. “ನೋಡೋಣ್ರಿ” ಎಂದು ಇನ್ನೊಬ್ಬರು. ದುಭಾಷಿಯು ಇವೆರಡನ್ನೂ ಒಪ್ಪಿಗೆಯೆಂದು ತಿಳಿಸುತ್ತಾನೆ. ಊರವರೆಲ್ಲರೂ ಸಮ್ಮತಿಸಿದರೆಂದು ಅವಳು ತನ್ನ ವರದಿಯಲ್ಲಿ ಬರೆದುಕೊಳ್ಳುತ್ತಾಳೆ.

ಈ ನಾಡಿನಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, “ನೋಡೋಣ್ರಿ” ಎಂಬುದು ಒಪ್ಪಿಗೆಯಲ್ಲ. ಮನೆಗೆ ಬಂದವರಿಗೆ “ಬ್ಯಾಡ” ಎಂದು ಮುಖಕ್ಕೆ ಹೇಳುವದು ಅಸಭ್ಯವಾದುದರಿಂದ ಬ್ಯಾಡವೆಂಬುದು ಇಲ್ಲಿ ನಾಲ್ಕೆಂಟು ವೇಷಗಳನ್ನು ಧರಿಸುತ್ತದೆ. ದನಿಯ ಏರಿಳಿತದಲ್ಲಿ, ಎಲೆ ಅಡಿಕೆಯ ಕಡೆಗೆ ಕೈ ಚಾಚುವದರಲ್ಲಿ, ಮಾತನ್ನು ಮಳೆಯ ಕಡೆಗೆ ತಿರುಗಿಸುವದರಲ್ಲಿ ಅದು ಅಡಗಿರುತ್ತದೆ. ಇದನ್ನು ಕಂಡುಹಿಡಿಯದವನು ಊರಿನ ಮನಸ್ಸನ್ನು ಕೇಳಿದೆನೆಂದು ಹೇಳಿಕೊಳ್ಳಲಾರನು. ಅವನು ತನ್ನ ಪ್ರಶ್ನೆಯ ಮರುದನಿಯನ್ನು ಕೇಳಿದ್ದಾನೆ, ಅಷ್ಟೇ.

ರೋಗಿಗಳ ವಿಷಯದಲ್ಲಿ ಈ ಅಜ್ಞಾನವು ಇನ್ನೂ ಅಪಾಯಕರವಾದುದು. ಬಳ್ಳಾರಿಯಿಂದ ವಿಜಾಪುರದ ವರೆಗಿನ ಹಳ್ಳಿಯ ಹೆಂಗಸು ತನ್ನ ಬೇನೆಯನ್ನು ಒಂದೇ ಮಾತಿನಿಂದ ಹೇಳುವದಿಲ್ಲ. ಸಂಕಟವೇ ಬೇರೆ, ಕಳಮಳವೇ ಬೇರೆ. ಚಳಕು ಬೇರೆ, ಉರಿ ಬೇರೆ, ಜೋಮು ಬೇರೆ. “ತ್ರಾಸ ಆಗ್ತದ” ಎಂಬುದರಲ್ಲಿ ಮೈಯ ದುಃಖವೂ ಮನೆಯ ದುಃಖವೂ ಕೂಡಿರಬಹುದು. ಇಷ್ಟನ್ನೂ ದುಭಾಷಿಯು ಇಂಗ್ಲಿಷಿನ ಒಂದೇ ಒಂದು ಶಬ್ದಕ್ಕೆ ಇಳಿಸಿ ಕೊಟ್ಟರೆ, ಮದ್ದು ಕೊಡುವ ಕೈ ಎಷ್ಟು ದಯಾಳುವಾದರೂ ಕುರುಡು ಕೈಯೇ ಸರಿ. ಇದರ ಮೇಲೆ, ದುಭಾಷಿಯು ಊರಿನ ಹುಡುಗನೇ ಆಗಿರುವಾಗ ಹೆಂಗಸರು ಹೇಳತಕ್ಕದ್ದನ್ನೆಲ್ಲ ಅವನ ಎದುರಿಗೆ ಹೇಳುವರೆ?

ನೇಕಾರರ ಮನೆಗೆ ಬರುವವರದು ಬೇರೆ ತೆರ. ಹನುಮಸಾಗರ, ದೋಟಿಹಾಳಗಳಲ್ಲಿ ಮಗ್ಗಗಳಿವೆ. ಅಲ್ಲಿ ನೇಯುವದು ಇಳಕಲ್ಲಿನ ಸೀರೆ. ಈ ಸೀರೆಯ ವೈಶಿಷ್ಟ್ಯವು ಕೊಂಡಿಯಲ್ಲಿದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಂದರ ಎಳೆಯ ಕುಣಿಕೆಯಲ್ಲಿ ಇನ್ನೊಂದರ ಎಳೆಯ ಕುಣಿಕೆಯನ್ನು ಸಿಕ್ಕಿಸಿ ಕೂಡಿಸುತ್ತಾರೆ. ಹೀಗೆ ಕೂಡಿಸುವದರಿಂದಲೇ ಒಡಲು ಯಾವ ಬಣ್ಣದ್ದಾದರೂ ಸೆರಗು ಅಚ್ಚ ಕೆಂಪಾಗಿ, ಅದರ ಮೇಲೆ ಬಿಳಿಯ ತೆನೆಗಳು ಎದ್ದು ಕಾಣಲು ಸಾಧ್ಯವಾಗುತ್ತದೆ. ಆದುದರಿಂದ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಹೂಡಬೇಕು. ಹತ್ತಾರು ಸೀರೆಗಳ ಹಾಸನ್ನು ಒಟ್ಟಿಗೆ ಉದ್ದವಾಗಿ ಸುತ್ತಿಟ್ಟು ನೇಯಲು ಬಾರದು. ಹೊರಗಿನಿಂದ ಬಂದು ಒಂದು ತಿಂಗಳು ಕುಣಿ ಮಗ್ಗದ ಬಳಿಯಲ್ಲಿ ಕುಳಿತವನಿಗೆ ಇದು ವೃಥಾ ಕಾಲಹರಣವೆಂದೇ ತೋರುವದು. ಹಾಸನ್ನು ಉದ್ದ ಮಾಡಿರಿ, ಕೊಂಡಿಯನ್ನು ಬಿಡಿರಿ, ಸೆರಗನ್ನು ಅಚ್ಚು ಒತ್ತಿರಿ, ಸೀರೆಯನ್ನು ಕತ್ತರಿಸಿ ಚೀಲ ಹೊಲಿಯಿರಿ ಎಂದು ಅವನು ಉಪದೇಶಿಸುವನು. ಲೆಕ್ಕದ ಪ್ರಕಾರ ಅವನ ಮಾತು ಸರಿಯಾಗಿರಬಹುದು. ಕೊಂಡಿ ಹೋದ ಮೇಲೆ ಅದು ಇಳಕಲ್ಲಿನ ಸೀರೆಯಾಗಿ ಉಳಿಯುವದಿಲ್ಲವೆಂಬುದು ಅವನ ಲೆಕ್ಕದಲ್ಲಿ ಇಲ್ಲ. ಗೋಮಿ ದಡಿಯ ಸೀರೆಯನ್ನು ಯಾರು ಉಡುತ್ತಾರೆ, ಗಾಡಿ ದಡಿಯದನ್ನು ಯಾರು ಉಡುತ್ತಾರೆ, ಮದುವೆಗೆ ಯಾವುದು, ಕುಬಸದ ಕಾರ್ಯಕ್ಕೆ ಯಾವುದು ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕಾದರೆ ನೇಕಾರನ ಹೆಂಡತಿಯೊಡನೆ, ಅವಳು ಕಂಡಿಕೆ ಸುತ್ತುತ್ತಿರುವಾಗ, ಅವಳ ಮಾತಿನಲ್ಲಿಯೇ ಮಾತಾಡಬೇಕು. ನೇಕಾರರಿಗೆ ಸಲಹೆಯು ಬೇಡವೆಂದಲ್ಲ. ನೂಲಿನ ಬೆಲೆ, ಯಂತ್ರಮಗ್ಗದ ಪೈಪೋಟಿ, ನಡುವಿನ ವ್ಯಾಪಾರಿಯ ಲಾಭ, ಇವುಗಳ ವಿಷಯದಲ್ಲಿ ಲೆಕ್ಕ ಬಲ್ಲವರ ನೆರವು ಅವರಿಗೆ ಬೇಕೇ ಬೇಕು. ಆದರೆ ಅಲ್ಲಿ ಭಾವಚಿತ್ರ ತೆಗೆಯಲು ಚಂದವಾದುದೇನೂ ಇಲ್ಲ. ಆದಕಾರಣವೋ ಏನೋ, ಆ ಕಡೆಗೆ ಸೇವಕರ ಒಲವು ಕಡಿಮೆ.

ನುಡಿಯಷ್ಟೇ ದೊಡ್ಡದಾದ ಇನ್ನೊಂದು ಮಾತು ಕಾಲ. ಮಾಡಿದ ಕೆಲಸದ ಫಲವು ಯಾವಾಗ ಕಾಣುತ್ತದೋ ಆಗ ಮಾಡಿದವನು ಎಲ್ಲಿರುತ್ತಾನೆ? ಬಾಯಾರಿದ ಊರಿಗೆ ಕೊಳವೆ ಬಾವಿ ತೋಡಿಸುವದಕ್ಕಿಂತ ನಿರ್ವಿವಾದವಾದ ಪುಣ್ಯವು ಬೇರೊಂದಿಲ್ಲವೆಂದು ಎಲ್ಲರೂ ಎಣಿಸಿದ್ದರು. ಕಾಂಬೋಡಿಯಾದ ಕಾಂಡಾಲ ಪ್ರಾಂತದಲ್ಲಿ ನೆರವಿನ ಹಣದಿಂದ ತೋಡಿದ ಬಾವಿಗಳ ನೀರಿನಲ್ಲಿ ಪಾಷಾಣವಿರುವದು ಸುಮಾರು 2000ದ ಹೊತ್ತಿಗೆ ಹೊರಬಿದ್ದಿತು; ಆ ವಿಷವು ಚರ್ಮದ ಮೇಲೆ ಮಚ್ಚೆಯಾಗಿ ಮೂಡಲು ಹಲವು ವರ್ಷ ಬೇಕು. ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಪಾಷಾಣವಲ್ಲ, ಫ್ಲೋರೈಡು. ಗಟ್ಟಿ ಕಲ್ಲಿನ ಆಳದಿಂದ ಬರುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾಗಿದ್ದರೆ ಆ ನೀರು ಕುಡಿಯಲು ತಕ್ಕುದಲ್ಲ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಹಳದಿಯಾಗಿ ಕಂದುತ್ತದೆ. ದೀರ್ಘಕಾಲ ಕುಡಿದವರ ಎಲುಬು ಸೆಟೆದು ಬೆನ್ನು ಬಾಗುತ್ತದೆ. ಕೆರೆ ಭಾವಿಗಳನ್ನು ಬಿಟ್ಟು ಆಳಕ್ಕೆ ಇಳಿದವರಲ್ಲಿ ಸರಕಾರದವರೇ ಮೊದಲಿಗರು. ಪರದೇಶಸ್ಥರ ಮೇಲೆ ಈ ಅಪವಾದವನ್ನು ಹೊರಿಸಲಾಗದು. ಆದರೆ ಪಾಠವು ಇಬ್ಬರಿಗೂ ಒಂದೇ. ಮೊದಲನೆಯ ಕೊಡ ತುಂಬಿದಾಗ ಚಪ್ಪಾಳೆ ತಟ್ಟಿ ಹೋದವನಿಗೆ ಮಗುವಿನ ಹಲ್ಲು ಕಾಣುವದಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಕನ್ನಡ ಸೀಮೆಯ ಅಂಚಿನಲ್ಲಿಯೇ ದೊರೆಯುತ್ತದೆ. ಬರಗಾಲದ ದಿನಗಳಲ್ಲಿ ಹಾಕಿದ ಬೀಡುಕಬ್ಬಿಣದ ಕೈಪಂಪುಗಳು ಹಳ್ಳಿಯ ಹೆಂಗಸರ ದಿನವಿಡೀ ಜಗ್ಗಾಟಕ್ಕೆ ತಾಳದೆ ಮುರಿದು ಬೀಳುತ್ತಿದ್ದವು. ಸೊಲ್ಲಾಪುರ, ಜಾಲನಾಗಳಲ್ಲಿದ್ದ ಮಿಶನ್ನಿನವರು ಮುರಿದದ್ದನ್ನು ನೋಡಿ, ತಿದ್ದಿ, ಮತ್ತೆ ಮುರಿದದ್ದನ್ನು ಮತ್ತೆ ತಿದ್ದಿ ಗಟ್ಟಿಯಾದ ಪಂಪನ್ನು ಮಾಡಿದರು. 1970ರ ದಶಕದಲ್ಲಿ ರೂಪುಗೊಂಡು ಅನೇಕ ದೇಶಗಳಿಗೆ ಹರಡಿದ ‘ಇಂಡಿಯಾ ಮಾರ್ಕ್ 2’ ಎಂಬ ಕೈಪಂಪಿಗೆ ಸೊಲ್ಲಾಪುರದ ಪಂಪೇ ತಳಹದಿ. ಮುರಿಯುವ ದಿನ ಅಲ್ಲಿಯೇ ಇದ್ದದ್ದರಿಂದ ಅವರಿಗೆ ಇದು ಸಾಧ್ಯವಾಯಿತು.

ಮಿಶನ್ನಿನವರ ಹೆಸರೆತ್ತಿದರೆ ಹುಬ್ಬು ಗಂಟಿಕ್ಕುವವರಿದ್ದಾರೆ. ಅವರು ಮತಪ್ರಸಾರಕ್ಕೆ ಬಂದವರು, ಆಳುವ ಬಿಳಿಯರ ನೆರಳಿನಲ್ಲಿ ಬಂದವರು. ಅವರನ್ನು ಮಾದರಿಯೆಂದು ತೋರಿಸುವದೆ? ಎಂಬ ಆಕ್ಷೇಪವು ನ್ಯಾಯವಾದುದು. ಅವರ ಉದ್ದೇಶವನ್ನು ಮೆಚ್ಚಬೇಕಾಗಿಲ್ಲ. ಅವರ ಬಾಳುವೆಯನ್ನು ನೋಡಿದರೆ ಸಾಕು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ ಅನಂತರ ಹುಬ್ಬಳ್ಳಿ ಬೆಟಗೇರಿಗಳಿಗೂ ಬಂದರು. ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ ಅವರು ಹೂಡಿದ ಬೇಸಾಯದ ವಸಾಹತು ಏಳಿಗೆ ಹೊಂದಲಿಲ್ಲ. ಊರವರು ಕೇಳದೆ ಇದ್ದದ್ದನ್ನು ಊರಿಗೆ ಕೊಡಹೋದವರ ಪಾಡು ಅಂದಿಗೂ ಇಂದಿಗೂ ಒಂದೇ ತೆರನಾದುದು. ಆದರೆ ಅವರಲ್ಲಿಯೇ ಹರ್ಮನ್ ಮೋಗ್ಲಿಂಗರು 1836ರಲ್ಲಿ ಬಂದು, ಏಳು ವರ್ಷ ಕನ್ನಡವನ್ನು ಕಲಿತು ಬಳಸಿ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು, ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ದಾಸರ ಪದಗಳೂ ಜೈಮಿನಿ ಭಾರತವೂ ಬಸವಪುರಾಣವೂ ಅವರ ಯತ್ನದಿಂದ ಅಚ್ಚಿನ ಬೆಳಕು ಕಂಡವು. ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಬಂದರು. ಪಂಡಿತರ ಬಳಿಯಲ್ಲಿ ಹಳಗನ್ನಡವನ್ನೂ ಬೀದಿಯ ಜನರ ಬಾಯಿಂದ ಆಡುಗನ್ನಡವನ್ನೂ ಕಲಿತರು. ಅವರ ಮೇಲಿನವರಿಗೆ ಈ ವ್ಯಾಸಂಗವು ಹಿಡಿಸಲಿಲ್ಲ. ಬಂದ ಕೆಲಸವೇ ಬೇರೆ, ಮಾಡುತ್ತಿರುವದೇ ಬೇರೆಯೆಂದು ಅವರಿಗೆ ತೋರಿತು. ‘ಶಬ್ದಮಣಿದರ್ಪಣ’ವನ್ನೂ ‘ಛಂದೋಂಬುಧಿ’ಯನ್ನೂ ಸಂಪಾದಿಸಿದ ಮೇಲೆ, ನಡುವೆ ತಾಯ್ನಾಡಿಗೆ ಹೋದವರು ಕೋಶದ ಕೆಲಸಕ್ಕಾಗಿ ಪುನಃ ಬಂದು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ಇಂಗ್ಲಿಷ್ ಕೋಶವನ್ನು ಪ್ರಕಟಿಸಿದರು. ಬಂದಂದಿನಿಂದ ಕೋಶದ ವರೆಗೆ 41 ವರ್ಷ! ಇವರಿಬ್ಬರೂ ಯಾವುದಕ್ಕಾಗಿ ಬಂದರೋ ಅದರಿಂದ ಕನ್ನಡಿಗರಿಗೆ ಉಳಿದದ್ದು ಅಲ್ಪ. ನುಡಿಯನ್ನು ಕಲಿಯುತ್ತ ಕುಳಿತದ್ದರಿಂದ ಉಳಿದದ್ದೇ ಅಪಾರ.

ಎಲ್ಲರೂ ಕಿಟ್ಟೆಲರಾಗಲೆಂದು ಯಾರೂ ಕೇಳುತ್ತಿಲ್ಲ. ಅಮೇರಿಕದ ‘ಪೀಸ್ ಕೋರ್’ನವರು 1961ರಿಂದ 1976ರ ವರೆಗೆ ಭಾರತಕ್ಕೆ ತರುಣರನ್ನು ಕಳುಹಿಸಿದರು, ಮೈಸೂರು ರಾಜ್ಯಕ್ಕೂ ಕೆಲವರು ಬಂದರು. ಬರುವ ಮೊದಲು ಅವರಿಗೆ ಆಯಾ ನಾಡಿನ ನುಡಿಯ ಪಾಠವಾಗುತ್ತಿತ್ತು. ಬಂದ ಮೇಲೆ ಎರಡು ವರ್ಷದ ವಾಸ. ಕೋಳಿ ಸಾಕಣೆ, ಶಾಲೆ, ಆರೋಗ್ಯಗಳಲ್ಲಿ ಅವರು ಮಾಡಿದ್ದು ದೊಡ್ಡದೇನೂ ಅಲ್ಲ. ಆದರೂ ಅವರಲ್ಲಿ ಹಲವರು ಮುಂದೆ ಭಾರತದ ನುಡಿ, ಚರಿತ್ರೆಗಳ ವಿದ್ವಾಂಸರಾದರು. ಈಗ ಮೂರು ವಾರಕ್ಕೆ, ಅದೂ ನಡುವಿನ ಮಂಡಳಿಗಳಿಗೆ ಶುಲ್ಕ ಕೊಟ್ಟು ಬರುವವರಿಗೆ ಹೋಲಿಸಿದರೆ ಆ ಎರಡು ವರ್ಷವೇ ತಪಸ್ಸೆನ್ನಬೇಕು.

ಇಷ್ಟಾದರೂ ತಪ್ಪಿನ ದೊಡ್ಡ ಪಾಲು ಬರುವವರದಲ್ಲ, ಕರೆಯುವವರದು. ಇಪ್ಪತ್ತರ ವಯಸ್ಸಿನ ಪರದೇಶದ ಹುಡುಗನನ್ನು ಶಾಲೆಯ ವೇದಿಕೆಯ ಮೇಲೆ ಕೂಡ್ರಿಸಿ, ಇಪ್ಪತ್ತು ವರ್ಷ ಕಲಿಸಿದ ಮಾಸ್ತರರನ್ನು ಕೆಳಗೆ ನಿಲ್ಲಿಸುವವರು ಯಾರು? ಅವನು “ಚೆನ್ನಾಗಿದೆ” ಎಂಬ ಒಂದು ಶಬ್ದವನ್ನು ಉಚ್ಚರಿಸಿದರೆ ಕನ್ನಡವನ್ನು ಉದ್ಧರಿಸಿದನೆಂದು ಚಪ್ಪಾಳೆ ತಟ್ಟುವವರು ಯಾರು? ಅವನು ಕೆಲಸ ಕೇಳಿದರೆ ಕೊಡದೆ, ತಪ್ಪು ಮಾಡಿದರೆ ತಿದ್ದದೆ, ಊಟಕ್ಕಿಟ್ಟು ಹೊಗಳಿ ಕಳುಹಿಸುವವರು ಯಾರು? ಹೊಗಳಿಕೆಯು ಅತಿಥಿಯನ್ನು ಹೊರಗಿನವನನ್ನಾಗಿಯೇ ಇಡುವ ಒಂದು ಉಪಾಯ. ಮನೆಯ ಮಗನನ್ನು ಯಾರೂ ಹೀಗೆ ಹೊಗಳುವದಿಲ್ಲ. ಬೈಯುತ್ತಾರೆ, ಎತ್ತಿಗೆ ನೀರು ಕುಡಿಸಿ ಬಾ ಎಂದು ಅಟ್ಟುತ್ತಾರೆ.

ಹೊರಗಿನವನೆಂಬ ಮಾತು ಬಿಳಿಯ ಬಣ್ಣಕ್ಕೆ ಮಾತ್ರ ಸಲ್ಲುವದೂ ಅಲ್ಲ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದು ರೈತರಿಗೆ ಬೇಸಾಯವನ್ನು ಬೋಧಿಸುವವರು ಈ ಲೆಕ್ಕಕ್ಕೆ ಸೇರಿದವರೇ. ಕುಷ್ಟಗಿ ತಾಲೂಕಿನ ತಾಂಡಾಗಳಲ್ಲಿ ಮಗುವಿನ ಮನೆಮಾತು ಲಂಬಾಣಿ. ಆ ಮಗು ಮೊದಲನೆಯ ಇಯತ್ತೆಯಲ್ಲಿ ಕುಳಿತಾಗ ಕನ್ನಡ ಮಾತ್ರ ಬಲ್ಲ ಮಾಸ್ತರರು ಅದಕ್ಕೆ ಪರದೇಶಸ್ಥರಿಗಿಂತ ಹತ್ತಿರದವರೇನೂ ಅಲ್ಲ. ತಾಂಡಾದಲ್ಲಿ ಹತ್ತು ವರ್ಷ ಕಲಿಸಿಯೂ ಲಂಬಾಣಿಯ ಹತ್ತು ಮಾತು ಕಲಿಯದವರಿಗೆ, ಕನ್ನಡ ಬಾರದ ಪರದೇಶಸ್ಥನನ್ನು ಆಕ್ಷೇಪಿಸುವ ಬಾಯಿ ಎಲ್ಲಿಯದು?

ಹಾಗಾದರೆ ಪರದೇಶಸ್ಥರನ್ನು ಗಡಿಯಿಂದಲೇ ಹಿಂದಕ್ಕೆ ಕಳುಹಿಸಬೇಕೆಂದು ವಾದಿಸುವ ಪಕ್ಷವೂ ಒಂದಿದೆ. ಅವರೆಲ್ಲರೂ ಮತಾಂತರಕ್ಕೆ ಬಂದವರು, ಇಲ್ಲವೆ ಗುಪ್ತಚಾರರು ಎಂಬುದು ಆ ಪಕ್ಷದ ನಂಬುಗೆ. ಇದು ವಿಚಾರದ ಸೋಮಾರಿತನ. ಬಂದವನು ಯಾವ ಉದ್ದೇಶದಿಂದ ಬಂದನೆಂಬುದನ್ನು ಅವನ ಎದೆ ಸೀಳಿ ನೋಡಲಾಗದು. ಅವನು ಎಷ್ಟು ದಿನ ನಿಲ್ಲುತ್ತಾನೆ, ಯಾರ ಕೈಕೆಳಗೆ ದುಡಿಯುತ್ತಾನೆ, ಯಾವ ನುಡಿಯಲ್ಲಿ ಮಾತಾಡುತ್ತಾನೆಂಬುದನ್ನು ಎಲ್ಲರೂ ನೋಡಬಹುದು. ಅಳತೆಗೆ ಸಿಗುವದನ್ನು ಬಿಟ್ಟು ಸಿಗದದ್ದನ್ನು ಅಳೆಯಹೋಗುವದೇಕೆ?

ಕರೆಯುವವರು ಕರಾರು ಹಾಕಲು ಅಂಜಬೇಕಾಗಿಲ್ಲ. ಒಂದು ವರ್ಷಕ್ಕಿಂತ ಕಡಿಮೆ ನಿಲ್ಲುವವರನ್ನು ಅತಿಥಿಗಳೆಂದು ಸತ್ಕರಿಸಿ ಕಳುಹಿಸಬೇಕು. ಅವರಿಗೆ ಶಾಲೆಯನ್ನಾಗಲಿ, ದವಾಖಾನೆಯನ್ನಾಗಲಿ ಒಪ್ಪಿಸಬಾರದು. ಒಂದು ವರ್ಷ ನಿಲ್ಲುವವರಾದರೆ ಮೊದಲ ಆರು ತಿಂಗಳು ಅವರಿಗೆ ಕನ್ನಡವನ್ನು ಕಲಿಸುವ ಹೊಣೆಯನ್ನು ಊರಿನ ವಿದ್ಯಾವಂತ ಮನೆಗಳು ಹೊರಬೇಕು. ಪಠ್ಯಪುಸ್ತಕದ ಕನ್ನಡವನ್ನಲ್ಲ, ಸಂತೆಯಲ್ಲಿಯೂ ಹೊಲದಲ್ಲಿಯೂ ಆಡುವ ಕನ್ನಡವನ್ನು. ಆ ಆರು ತಿಂಗಳು ಅವರು ಯಾರಿಗೂ ಏನನ್ನೂ ಕಲಿಸಬಾರದು. ಅನಂತರ ಅವರು ಊರಿನ ಮಾಸ್ತರರ, ನರ್ಸಬಾಯಿಯ, ಇಲ್ಲವೆ ನೇಕಾರರ ಸಂಘದ ಕೈಕೆಳಗೆ ದುಡಿಯಬೇಕು. ಇಷ್ಟು ಕಟ್ಟಳೆ ಹಾಕಿದರೆ ಯಾರೂ ಬರಲಾರರೆಂದು ಹೇಳುವವರಿದ್ದಾರೆ. ಬಾರದಿದ್ದರೆ ಊರಿಗೆ ಆಗುವ ನಷ್ಟವೇನೆಂಬುದನ್ನು ಅವರೇ ಲೆಕ್ಕ ಹಾಕಿ ತೋರಿಸಲಿ. ಬಂದು ನಿಂತವರು ಹೊರಡುವ ಮೊದಲು ತಮ್ಮ ಕೆಲಸದ ವರದಿಯನ್ನು ಕನ್ನಡದಲ್ಲಿಯೇ ಬರೆದು ಕಟ್ಟೆಯ ಮೇಲೆ ಎಲ್ಲರೆದುರಿಗೆ ಓದಬೇಕು. ಅದರಲ್ಲಿ ತಪ್ಪು ಕಂಡರೆ ಕುಳಿತವರು “ನೋಡೋಣ್ರಿ” ಎನ್ನದೆ ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು.